ಗಾಲಿಗೆ ಕೊಟ್ಟ ಕಲ್ಲು

ಪಾಂಗ್, ಲಡಾಖ್
2022ರ ಜುಲೈ 16, ಶನಿವಾರ, ರಾತ್ರಿ

ದಾವಣಗೆರೆಯಿಂದ ಬೈಕಿನಲ್ಲಿ ಒಬ್ಬನೇ ಹೊರಟು ಇಂದಿಗೆ 12 ದಿನಗಳಾದವು. ಪಾಂಗ್ ಸುಮಾರು 4,600 ಮೀಟರ್ ಎತ್ತರದಲ್ಲಿದೆ. ಊರೆಂದರೆ ರಸ್ತೆಯ ಬದಿಯ ಒಂದು ಸಾಲು ಗುಡಾರಗಳು ಮತ್ತು ಸೇನೆಯ ಶಿಬಿರ, ಅಷ್ಟೇ. ತಲೆ ಸಿಡಿಯುತ್ತಿದೆ, ಬೆರಳುಗಳು ಇನ್ನೂ ಸರಿಯಾಗಿ ಬಾಗುತ್ತಿಲ್ಲ. ಆದರೂ ಇಂದಿನದನ್ನು ಇಂದೇ ಬರೆದಿಡಬೇಕು. ನನ್ನನ್ನು ಇಲ್ಲಿಯವರೆಗೆ ತಲುಪಿಸಿದವರಲ್ಲಿ ಒಬ್ಬರ ಹೆಸರನ್ನೂ ನಾನು ಕೇಳಿಕೊಳ್ಳಲಿಲ್ಲ. ಬರೆಯದೆ ಮಲಗಿದರೆ ಅವರ ಮುಖಗಳೂ ಮಸುಕಾಗಬಹುದೆಂಬ ಅಂಜಿಕೆ ನನಗಿದೆ.

ಹಿಮಾಚಲದ ಜಿಸ್ಪಾದಿಂದ ಬೆಳಿಗ್ಗೆ ಆರಕ್ಕೆ ಹೊರಡಬೇಕಿತ್ತು, ಹೊರಟದ್ದು ಒಂಬತ್ತಕ್ಕೆ. ಬಿಸಿಲೇರಿದಂತೆ ಮೇಲಿನ ಹಿಮ ಕರಗುವುದರಿಂದ, ನಸುಕಿನಲ್ಲಿ ಪಾದ ಮುಳುಗುವಷ್ಟಿರುವ ಹಳ್ಳಗಳು ಈ ದಾರಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಮುಟ್ಟುತ್ತವೆ. ಜಿಂಗ್‌ಜಿಂಗ್‌ಬಾರ್ ದಾಟಿ ಬಾರಾಲಾಚಾ ಎಂಬ ಎತ್ತರದ ಕಣಿವೆದಾರಿಯ ಏರು ಹಿಡಿದ ಮೇಲೆ ಅಂಥದೊಂದು ಹಳ್ಳದ ನಡುವೆ ಮುಂದಿನ ಗಾಲಿ ಗುಂಡುಕಲ್ಲಿಗೆ ತಾಗಿ ಬೈಕು ಮಗ್ಗುಲಿಗೆ ಬಿತ್ತು. ನನ್ನ ಎಡಗಾಲು ಅದರಡಿ ಸಿಕ್ಕಿಕೊಂಡಿತು. ನಾನು ಕೂಗುವ ಮೊದಲೇ, ರಸ್ತೆಗೆ ಜಲ್ಲಿ ಹಾಕುತ್ತಿದ್ದ ನಾಲ್ವರು ಕೂಲಿಕಾರರು ಸಲಿಕೆಗಳನ್ನು ಕೆಳಗಿಟ್ಟು ಆ ಮಂಜಿನ ನೀರಿಗೆ ಇಳಿದುಬಂದಿದ್ದರು. ಇಬ್ಬರು ಬೈಕನ್ನು ಎತ್ತಿದರು, ಒಬ್ಬ ನನ್ನನ್ನು ಎಳೆದುಕೊಂಡ, ಇನ್ನೊಬ್ಬ ತೇಲಿಹೋಗುತ್ತಿದ್ದ ನನ್ನ ಕೈಗವಸಿನ ಹಿಂದೆ ಓಡಿದ.

ಡಾಂಬರು ಕಾಯಿಸುತ್ತಿದ್ದ ಡ್ರಮ್ಮಿನ ಬೆಂಕಿಯ ಪಕ್ಕದಲ್ಲಿ ನನ್ನನ್ನು ಕೂರಿಸಿ, ಶೂಗಳಿಂದ ನೀರು ಬಸಿದು, ಕಾಲುಚೀಲಗಳನ್ನು ಸಲಿಕೆಯ ಹಿಡಿಗೆ ನೇತುಹಾಕಿದರು. ಗಡಿ ರಸ್ತೆ ಸಂಸ್ಥೆಯ ಈ ಕೆಲಸಕ್ಕಾಗಿ ಅವರು ಬಂದದ್ದು ಜಾರ್ಖಂಡಿನ ದುಮ್ಕಾದಿಂದ. ಅಲ್ಲಿಂದ ವರ್ಷವರ್ಷವೂ ಜನ ಇಲ್ಲಿಗೆ ಬಂದು, ಬೇಸಿಗೆಯ ಕೆಲವು ತಿಂಗಳು ದುಡಿದು, ಚಳಿ ಬಿಗಿಯುವ ಮುನ್ನ ಮರಳುತ್ತಾರೆ. ನಾನು ಬ್ಯಾಗಿನಿಂದ ಅಮ್ಮ ಹುರಿದು ಕಟ್ಟಿಕೊಟ್ಟಿದ್ದ ಖಾರ ಮಂಡಕ್ಕಿಯ ಡಬ್ಬಿ ತೆಗೆದೆ. ಮುಚ್ಚಳ ತೆರೆಯುತ್ತಿದ್ದಂತೆ ಅವರಲ್ಲಿ ಹಿರಿಯರಾದವರು "ಅರೆ, ಮುಢಿ!" ಎಂದು ಗಟ್ಟಿಯಾಗಿ ಹೇಳಿ ಉಳಿದವರನ್ನು ಕರೆದರು. ನಮ್ಮ ಬೆಣ್ಣೆನಗರಿಯ ಮಂಡಕ್ಕಿ ಅವರ ಮನೆಯ ಮುಢಿಯೂ ಹೌದೆಂಬುದು ನನಗೆ ಗೊತ್ತಿರಲಿಲ್ಲ. ಡಬ್ಬಿ ಖಾಲಿಯಾಯಿತು. ಹೊರಡುವಾಗ ನಾನು ಚಾಚಿದ ನೋಟಿನ ಕಡೆಗೆ ಆ ಹಿರಿಯರು ನೋಡಲೇ ಇಲ್ಲ. "ನಾಳೆಯಿಂದ ಬೆಳಿಗ್ಗೆ ಬೇಗ ಏಳು" ಎಂದಷ್ಟೇ ಹೇಳಿ ಸಲಿಕೆ ಎತ್ತಿಕೊಂಡರು.

ಸರ್ಚು ದಾಟಿದ ಮೇಲೆ ಗಾಟಾ ಲೂಪ್ಸ್ ಎಂಬ 21 ಕಡಿದಾದ ತಿರುವುಗಳ ಏರು ಬರುತ್ತದೆ. ಅದರ ಅರ್ಧದಲ್ಲಿ ಕ್ಲಚ್ ವೈರ್ ತುಂಡಾಯಿತು. ಬದಲಿ ವೈರ್ ನನ್ನಲ್ಲಿತ್ತು, ಆದರೆ ಮರಗಟ್ಟಿದ ಬೆರಳುಗಳಿಗೆ ಅದರ ತುದಿಯನ್ನು ತೂರಿಸಲಾಗಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ಕೆಳಗಿನಿಂದ ತುಂಬಿದ ಲಾರಿಯೊಂದು ತಿರುವಿನಿಂದ ತಿರುವಿಗೆ ತೆವಳುತ್ತ ಬಂದು ನನ್ನ ಹಿಂದೆ ನಿಂತಿತು. ಅಂಥ ಏರಿನಲ್ಲಿ ಭಾರದ ಲಾರಿಯನ್ನು ನಿಲ್ಲಿಸಿ ಮತ್ತೆ ಎಬ್ಬಿಸುವುದು ಎಂಥ ಕಷ್ಟವೆಂಬುದನ್ನು ಬಲ್ಲವರೇ ಬಲ್ಲರು. ಕ್ಲೀನರ್ ಹುಡುಗ ಹಾರಿ ಇಳಿದು ಗಾಲಿಗಳಿಗೆ ಕಲ್ಲು ಕೊಟ್ಟ. ವಯಸ್ಸಾದ ಸರ್ದಾರ್‌ಜಿ ಇಳಿದುಬಂದು, ನನ್ನನ್ನು ಎಂಜಿನ್ನಿನ ಶಾಖಕ್ಕೆ ಕೈ ಹಿಡಿಯುವಂತೆ ಹೇಳಿ, ಅರ್ಧ ಗಂಟೆ ಮೊಣಕಾಲೂರಿ ಕುಳಿತು ವೈರ್ ಹಾಕಿಕೊಟ್ಟರು. "ಮುಂದೆ ಹೋಗು ಬೇಟಾ, ನಾನು ಹಿಂದಿರುತ್ತೇನೆ" ಎಂದರು. ಉಳಿದ ತಿರುವುಗಳಲ್ಲಿ ಕನ್ನಡಿಯಲ್ಲಿ ಆ ಲಾರಿ ಕಾಣದಾದಾಗಲೆಲ್ಲ ನಾನು ನಿಂತು ಕಾದೆ.

ಮೇಲೆ ಒಂದು ಕಡೆ ರಸ್ತೆಯ ಪಕ್ಕದಲ್ಲಿ ನೀರಿನ ಬಾಟಲಿಗಳ ದೊಡ್ಡ ರಾಶಿಯಿದೆ. ಹಿಂದೆ ಯಾವಾಗಲೋ ಇಲ್ಲಿ ಲಾರಿಯೊಂದು ಕೆಟ್ಟು, ಚಾಲಕ ನೆರವು ತರಲು ಹೋದಾಗ ಹಿಮ ಸುರಿದು ದಾರಿ ಮುಚ್ಚಿತೆಂದೂ, ಕಾವಲಿಗಿದ್ದ ಕ್ಲೀನರ್ ನೀರಿಲ್ಲದೆ, ಚಳಿಯಲ್ಲಿ ಸತ್ತನೆಂದೂ ಸರ್ದಾರ್‌ಜಿ ಹೇಳಿದರು. ಹೋಗಿಬರುವವರೆಲ್ಲ ಅವನಿಗೆ ನೀರಿಟ್ಟು ಹೋಗುತ್ತಾರೆ. ನಮ್ಮ ಕ್ಲೀನರ್ ಹುಡುಗನೂ ಒಂದು ಬಾಟಲಿ ಇಟ್ಟ. ಇಡುವ ಮುನ್ನ ಅದರ ಮುಚ್ಚಳವನ್ನು ಸಡಿಲಿಸಿದ. ನಾನು ನನ್ನ ಬಾಟಲಿಯ ಮುಚ್ಚಳವನ್ನೂ ಹಾಗೆಯೇ ಮಾಡಿದೆ.

ಬೆಟ್ಟದ ಜನ ಮುಗ್ಧರು, ಆದ್ದರಿಂದ ಒಳ್ಳೆಯವರು ಎಂದು ಹೇಳುವವರ ಮಾತನ್ನು ನಾನು ಇನ್ನು ಒಪ್ಪಲಾರೆ. ಇಂದು ದಾರಿಯಲ್ಲಿ ನನಗೆ ಒದಗಿದವರು ಬೆಟ್ಟದವರೇ ಅಲ್ಲ, ನನ್ನಂತೆ ದೂರದಿಂದ ಬಂದವರು. ಒದ್ದೆ ಕಾಲಿನಲ್ಲಿ ಎಷ್ಟು ಹೊತ್ತು ಇರಬಹುದು, ಕೆಟ್ಟು ನಿಂತ ಗಾಡಿಯ ಬಳಿ ಒಬ್ಬನೇ ರಾತ್ರಿ ಕಳೆದರೆ ಏನಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದುದರಿಂದಲೇ ನಿಂತರು.

ಈ ಗುಡಾರವನ್ನು ನಡೆಸುವ ಲಡಾಖಿ ತಾಯಿಯನ್ನು ಎಲ್ಲರೂ ಆಮಾ-ಲೆ ಎನ್ನುತ್ತಾರೆ. ಜಿಸ್ಪಾದಿಂದ ಒಂದೇ ದಿನದಲ್ಲಿ ಇಷ್ಟು ಎತ್ತರಕ್ಕೆ ಬಂದು ಮಲಗುವುದು ತಪ್ಪೆಂದು ಅವರು ನನ್ನನ್ನು ಗದರಿದರು. ಕುಡಿಯಲು ಬಿಸಿನೀರು ಕೊಟ್ಟು, ಕೇಳದೆಯೇ ಮೂರನೆಯ ರಜಾಯಿ ಹೊದಿಸಿ, ನೋವು ಹೆಚ್ಚಿದರೆ ಎಬ್ಬಿಸಬೇಕೆಂದೂ ಸೇನೆಯ ಶಿಬಿರಕ್ಕೆ ತಾವೇ ಕರೆದೊಯ್ಯುವುದಾಗಿಯೂ ಹೇಳಿದರು. ಆಮೇಲೆ, ಸ್ವಲ್ಪ ತಡೆದು, ಲೇಹ್‌ನಲ್ಲಿ ಓದುತ್ತಿರುವ ಮಗಳಿಗೆ ಒಂದಿಷ್ಟು ಚುರ್ಪೆ ತಲುಪಿಸಲಾದೀತೇ ಎಂದು ಕೇಳಿದರು. ಮಂಡಕ್ಕಿಯ ಡಬ್ಬಿಯನ್ನು ಒರೆಸಿ ಕೊಟ್ಟೆ. ಅವರು ಆ ಒಣಗಿದ ಚೀಸಿನ ತುಣುಕುಗಳನ್ನು ಬಾಯಿಮಟ್ಟ ತುಂಬಿ ನನ್ನ ತಲೆದಿಂಬಿನ ಪಕ್ಕದಲ್ಲಿ ಇಟ್ಟಿದ್ದಾರೆ. ನಾಳೆ ಐದಕ್ಕೆ ಎಬ್ಬಿಸುವರಂತೆ.