ತೊಗರಿ ಬರುವುದರೊಳಗೆ: ಅಡತ್ ಅಂಗಡಿಯ ಆಫೀಸ್ ಸುಧಾರಣೆ, ಇಲ್ಲಿಯವರೆಗೆ

ಜುಲೈ

ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಈಗ ಆವಕ (ಮಾಲು ಬರೋದು) ಕಡಿಮೆ. ಬಿತ್ತನೆ ಮುಗಿದು ರೈತರೆಲ್ಲ ಹೊಲದಲ್ಲಿದ್ದಾರೆ. ಹೆಸರುಕಾಳು ಬರೋದು ಆಗಸ್ಟ್ ಕೊನೆಗೆ, ತೊಗರಿ ಡಿಸೆಂಬರ್‌ಗೆ. ಹೋದ ತೊಗರಿ ಸೀಸನ್‌ನಲ್ಲಿ ರಾತ್ರಿ ಹತ್ತಾದರೂ ಆಫೀಸಿನ ದೀಪ ಆರುತ್ತಿರಲಿಲ್ಲ. ಈ ಸಲ ಆರೂವರೆಗೆ ಮನೆಗೆ ಹೋಗಬೇಕು. ಗುರಿ ಅಷ್ಟೇ, ಅದಕ್ಕಿಂತ ದೊಡ್ಡ ಮಾತು ಬೇಡ.

ಕಲಬುರಗಿಯ ನೆಹರು ಗಂಜ್‌ನಲ್ಲಿ ನಮ್ಮದು ಅಡತ್ ಅಂಗಡಿ, ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡೋದು. ಆಫೀಸಿನಲ್ಲಿ ಇರೋದು ನಾನು, ಅಪ್ಪನ ಕಾಲದಿಂದ ಲೆಕ್ಕ ಬರೆಯುವ ದಿವಾಣಜಿ ಕಾಕಾ, ಬಿ.ಕಾಂ ಮುಗಿಸಿ ಸೇರಿದ ಹುಡುಗಿ, ಮತ್ತೆ ತೂಕದ ಹತ್ತಿರ ನಿಲ್ಲುವ ಹುಡುಗ.

ಮೊದಲು ಮಾಡಿದ ಕೆಲಸಕ್ಕೆ ಕಂಪ್ಯೂಟರ್ ಬೇಕಾಗಲಿಲ್ಲ. ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟು, ಯಾರು ಯಾರನ್ನು ಏನು ಕೇಳಿದರು ಅಂತ ಎಲ್ಲರೂ ಬರೆಯುತ್ತಾ ಹೋದೆವು. ನೋಡಿದರೆ ಬಹುತೇಕ ಪ್ರಶ್ನೆಗಳು ಮೂರೇ. "ಪಟ್ಟಿ (ಮಾರಿದ ಮಾಲಿನ ಬಿಲ್ಲು) ಆಗ್ಯದೇನ್ರಿ?" "ರೊಕ್ಕ ಬಿತ್ತೇನ್ರಿ?" "ನಮ್ಮ ಬಾಕಿ ಎಷ್ಟ ಅದ?" ಕೇಳುವವರು ಬೇರೆ ಬೇರೆ, ಆದರೆ ಫೋನ್ ಕೊನೆಗೆ ಬರೋದು ನನ್ನ ಕೈಗೇ. ಉತ್ತರ ಇರೋದು ಕಾಕಾನ ಖತಾವಣಿಯಲ್ಲಿ (ರೈತರ ಖಾತೆ ಪುಸ್ತಕ), ಇಲ್ಲವೇ ನನ್ನ ಲ್ಯಾಪ್‌ಟಾಪ್‌ನಲ್ಲಿ. ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವ ಹುಡುಗಿಗೆ ಎರಡೂ ಕಾಣುವುದಿಲ್ಲ!

ಇನ್ನೊಂದು ಸಂಗತಿಯೂ ಹೊರಬಿತ್ತು. ಒಂದೇ ತೂಕವನ್ನು ನಾಲ್ಕು ಕಡೆ ಬರೆಯುತ್ತಿದ್ದೇವೆ: ತೂಕದ ಚೀಟಿ, ಕಿರ್ದಿ (ದಿನದ ಲೆಕ್ಕದ ಪುಸ್ತಕ), ಎಕ್ಸೆಲ್, ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್).

ಕಲಿಕೆಯೂ ಶುರುವಾಯಿತು. ಅಕ್ಕ ಸರ್ಕಾರಿ ನೌಕರಿಯಲ್ಲಿದ್ದಾಳೆ. ರಾಜ್ಯ ಸರ್ಕಾರಿ ನೌಕರರಿಗೆ 2012ರ ನಿಯಮದಂತೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಇದೆಯಲ್ಲ, ಅವಳು ಪಾಸಾದ ಮೇಲೆ ಆ ಪುಸ್ತಕ ನಮ್ಮ ಆಫೀಸಿಗೆ ಬಂತು. ಇಡೀ ಪುಸ್ತಕ ಓದುವ ತಾಳ್ಮೆ ಯಾರಿಗಿದೆ? ವಾರಕ್ಕೊಂದು ಕೀಲಿ ಆರಿಸಿ, ಚೀಟಿ ಬರೆದು ಮಾನಿಟರ್ ಅಂಚಿಗೆ ಅಂಟಿಸುತ್ತೇವೆ. ಕಂಟ್ರೋಲ್ ಜೊತೆ ಸೆಮಿಕೋಲನ್ ಒತ್ತಿದರೆ ಇವತ್ತಿನ ತಾರೀಖು. ಕಂಟ್ರೋಲ್ ಡಿ ಒತ್ತಿದರೆ ಮೇಲಿನದ್ದು ಕೆಳಗೆ. ತೂಕದ ಹುಡುಗನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಬಲಗಡೆಯ ನಂಬರ್ ಕೀಲಿಗಳು. ಐದರ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ, ನಡುಬೆರಳು ಅಲ್ಲಿಟ್ಟರೆ ಕೆಳಗೆ ನೋಡುವುದೇ ಬೇಡ. ಕಣ್ಣು ಚೀಟಿಯ ಮೇಲೆ, ಬೆರಳು ಕೀಲಿಯ ಮೇಲೆ. ಈಗ ಅವನು ನನಗಿಂತ ಫಾಸ್ಟ್.

ಆಗಸ್ಟ್

ಈ ತಿಂಗಳೆಲ್ಲ ಹೆಸರಿನದ್ದೇ ಗದ್ದಲ. ಹೆಸರುಕಾಳಲ್ಲ, ರೈತರ ಹೆಸರು.

ರೈತರ ಹೆಸರಿನ ಹಳೆಯ ಪಟ್ಟಿ ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಆಗಿತ್ತು. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ತಲೆಗೆ ಗೀರು ಎಳೆದ ಎ, ಎರಡು ಚುಕ್ಕಿ ಇಟ್ಟ ಎ, ನಡುನಡುವೆ ಪೌಂಡ್ ಗುರುತು. ಆ ಫಾಂಟ್ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸುತ್ತದೆ. ಫಾಂಟ್ ಇಲ್ಲದಿದ್ದರೆ ಒಳಗಿನದ್ದು ಹೊರಬೀಳುತ್ತದೆ. ಅದರಲ್ಲಿ ಹುಡುಕುವುದಾಗಲಿ, ಅಕಾರಾದಿಯಲ್ಲಿ ಜೋಡಿಸುವುದಾಗಲಿ ಆಗದ ಮಾತು. ಪುಕ್ಕಟೆ ಸಿಗುವ ಕನ್ವರ್ಟರ್‌ನಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡೆವು. ಅರ್ಕಾವತ್ತು ಇರುವ ಹೆಸರುಗಳನ್ನಷ್ಟೇ ಹುಡುಗಿ ಕಣ್ಣಿಟ್ಟು ನೋಡಿದಳು. ಇನ್ನೂ ಹಳೇ ಫಾಂಟ್‌ನಲ್ಲೇ ಲೆಕ್ಕ ಇಟ್ಟಿರುವವರು ಬೇರೆ ಏನೂ ಮಾಡದಿದ್ದರೂ ಇದೊಂದನ್ನು ಮಾಡಿಕೊಳ್ಳಿ.

ಆಮೇಲೆ ಊರಿನ ಕಾಲಂ. ಅಫಜಲಪುರ ಒಂದನ್ನೇ ಎಷ್ಟು ಥರ ಬರೆದಿದ್ದೇವೋ! ಅಫ್ಜಲ್‌ಪುರ, ಅಫಝಲಪೂರ, ಬರೀ 'ಅಫ'. 2014ರ ನವೆಂಬರ್ 1ರಿಂದ ಊರಿನ ಹೆಸರು ಕಲಬುರಗಿ ಆಗಿದೆ, ನಮ್ಮ ಶೀಟಿನಲ್ಲಿ ಗುಲ್ಬರ್ಗಾ, ಗುಲಬರ್ಗಾ, ಕಲಬುರ್ಗಿ ಎಲ್ಲವೂ ಜೀವಂತ. ಮೂರಕ್ಕೂ ಬೇರೆ ಬೇರೆ ಟೋಟಲ್ ಬರುತ್ತಿತ್ತು. ಎಕ್ಸೆಲ್‌ನ ಡೇಟಾ ವ್ಯಾಲಿಡೇಶನ್‌ನಲ್ಲಿ ಜಿಲ್ಲೆಯ 11 ತಾಲ್ಲೂಕುಗಳ ಪಟ್ಟಿ ಕೊಟ್ಟೆ. ಇನ್ನು ಟೈಪ್ ಮಾಡುವಂತಿಲ್ಲ, ಬಾಣದ ಗುರುತು ಒತ್ತಿ ಆರಿಸಬೇಕು. ಪಕ್ಕದ ಜಿಲ್ಲೆಗಳ ರೈತರಿಗೆ 'ಇತರೆ' ಅಂತ ಒಂದು ಸಾಲು.

ನಿಜವಾದ ತೊಡಕು ಅದೂ ಅಲ್ಲ. ಶರಣಬಸವೇಶ್ವರರ ನಾಡು ಇದು. ಒಂದೊಂದು ಊರಲ್ಲೂ ಶರಣಬಸಪ್ಪ, ಶರಣಪ್ಪ ಅನ್ನುವವರು ಎಷ್ಟು ಜನ! ಹೆಸರು, ಊರು, ಕೆಲವು ಸಲ ತಂದೆಯ ಹೆಸರೂ ಒಂದೇ. ಮೊಬೈಲ್ ನಂಬರ್ ಇಟ್ಟುಕೊಳ್ಳೋಣ ಅಂದರೆ ಅದು ಬದಲಾಗುತ್ತದೆ, ಮನೆಯಲ್ಲಿ ಮೂವರಿಗೆ ಒಂದೇ ಇರುತ್ತದೆ. ಸರ್ಕಾರ ರೈತರಿಗೆ ಕೊಡುವ ಫ್ರೂಟ್ಸ್ ಐಡಿ ಕೇಳಿದರೆ "ಮನ್ಯಾಗ ಅದ ರೀ" ಅನ್ನುತ್ತಾರೆ.

ದಾರಿ ತೋರಿಸಿದವರು ಕಾಕಾ. ಅವರು ಮೂಲೆಯಲ್ಲಿ ಕೂತು ನಮ್ಮ ಪೇಚಾಟ ನೋಡುತ್ತಿದ್ದರು. "ಹೆಸರ ಯಾಕ ಹುಡುಕ್ತೀರಿ ಸಾವಕಾರ್ರ, ಪುಟ ಹೇಳ್ರಿ. ಆ ಜೇವರ್ಗಿ ಶರಣಪ್ಪ 142, ಈ ಶರಣಪ್ಪ 208." ಖತಾವಣಿಯ ಪುಟದ ನಂಬರ್! ಪ್ರತಿ ರೈತನಿಗೂ ಒಂದು ಪುಟ, ಒಂದು ಪುಟಕ್ಕೆ ಒಬ್ಬನೇ ರೈತ. ಅದನ್ನೇ ಖಾತೆ ನಂಬರ್ ಮಾಡಿದೆವು. ಹೊಸ ರೈತ ಬಂದರೆ ನಂಬರ್ ಕೊಡುವವರು ಕಾಕಾ ಮಾತ್ರ. ಇಡೀ ಪ್ರಾಜೆಕ್ಟ್‌ನಲ್ಲಿ ಇದಕ್ಕಿಂತ ಒಳ್ಳೆ ಐಡಿಯಾ ಇನ್ನೂ ಬಂದಿಲ್ಲ. ಕಂಪ್ಯೂಟರ್ ಮುಟ್ಟದವರಿಂದ ಬಂತು, ನೋಡಿ.

ನಂಬರ್ ಸಿಕ್ಕಮೇಲೆ ಎಕ್ಸೆಲ್‌ನ ವಿಲುಕಪ್ ಸೂತ್ರ ಸಲೀಸು. ನಂಬರ್ ಹಾಕಿದರೆ ಹೆಸರು, ಊರು, ಬ್ಯಾಂಕ್ ಖಾತೆ ತಾನೇ ಬರುತ್ತದೆ. ಕೊನೆಯಲ್ಲಿ ಸೊನ್ನೆ ಹಾಕುವುದನ್ನು ಮರೆಯಬಾರದು. ಬಿಟ್ಟರೆ ಎಕ್ಸೆಲ್ ಹತ್ತಿರಹತ್ತಿರದ್ದನ್ನು ತಂದು ಕೂರಿಸುತ್ತದೆ, ಬೇರೆಯವರ ರೊಕ್ಕ ಇನ್ಯಾರಿಗೋ ಹೋಗುತ್ತದೆ. ಹೊಸ ಎಕ್ಸೆಲ್‌ನಲ್ಲಿ ಎಕ್ಸ್‌ಲುಕಪ್ ಇದೆ, ಅದಕ್ಕೆ ಈ ರೋಗ ಇಲ್ಲ. ನಮ್ಮದು 2016ರದ್ದು, ಹಳೆಯದರಲ್ಲೇ ಸಂಸಾರ.

ಸೆಪ್ಟೆಂಬರ್

ಹೆಸರುಕಾಳು ಬಂತು. ತೊಗರಿಗೆ ಮೊದಲು ಇದು ತಾಲೀಮು.

ಕೆಲಸ ಹಂಚುವ ವಿಷಯ. ಹಿಂದೆ ನಾನು ಹಂಚುತ್ತಿದ್ದದ್ದು ತುಂಡು ತುಂಡಾಗಿ: "ಇದನ್ನ ಟೈಪ್ ಮಾಡಮ್ಮ", "ಅದನ್ನ ಪ್ರಿಂಟ್ ತೆಗಿ". ಹಾಗೆ ಹಂಚಿದರೆ ಪ್ರತಿ ತುಂಡೂ ತಿರುಗಿ ನನ್ನ ಹತ್ತಿರವೇ ಬರುತ್ತದೆ. ಈ ಸಲ ಪಟ್ಟಿಯ ಕೆಲಸವನ್ನು ಇಡಿಯಾಗಿ ಹುಡುಗಿಗೆ ಕೊಟ್ಟೆ. ಚೀಟಿ ಬರುವುದರಿಂದ ಹಿಡಿದು ರೈತನ ಕೈಗೆ ಪಟ್ಟಿ ಹೋಗಿ, ಅವನು ಫೋನ್ ಮಾಡಿ ಕೇಳಿದರೆ ಉತ್ತರ ಹೇಳುವವರೆಗೆ ಅವಳದ್ದೇ. ಆಫೀಸಿನ ಮೊಬೈಲೂ ಅವಳ ಮೇಜಿಗೆ ಹೋಯಿತು. ಮೊದಲ ಎರಡು ದಿನ ರೈತರು "ಸಾವಕಾರ್ರಿಗಿ ಕೊಡವ್ವ" ಅಂದರು. ಲೆಕ್ಕ ಥಟ್ ಅಂತ ಹೇಳಿದ ಮೇಲೆ ಕೇಳುವುದು ಬಿಟ್ಟರು.

ಕಾಕಾನಿಗೆ ಮಾತ್ರ ಸಮಾಧಾನ ಇರಲಿಲ್ಲ. "ಹುಡುಗಿಗಿ ಲೆಕ್ಕ ಕೊಟ್ರ ನಾ ಏನ್ ಮಾಡ್ಲಿ?" ಅಂತ ಒಂದು ಸಂಜೆ ಕೇಳೇಬಿಟ್ಟರು. ನ್ಯಾಯವಾದ ಪ್ರಶ್ನೆ. ಈಗ ಸಂಜೆ ಐದಕ್ಕೆ ಆ ದಿನದ ಎಲ್ಲ ಪಟ್ಟಿಗಳ ಒಂದು ಪ್ರಿಂಟ್ ಅವರ ಮುಂದೆ ಹೋಗುತ್ತದೆ. ಅವರು ತೂಕದ ಚೀಟಿಗಳನ್ನು ಬಾಯಲ್ಲೇ ಕೂಡಿಸಿ, ಟೋಟಲ್ ತಾಳೆಯಾದರೆ ಸಹಿ ಹಾಕುತ್ತಾರೆ. ಆ ಸಹಿ ಇಲ್ಲದೆ ರೊಕ್ಕ ಹೊರಡುವುದಿಲ್ಲ. ಕಿರ್ದಿ ಬರೆಯುವುದೂ ನಿಂತಿತು, ಆ ಸಹಿಯಾದ ಹಾಳೆಗಳನ್ನೇ ಫೈಲ್ ಮಾಡುತ್ತೇವೆ. ಬೆಳಗ್ಗೆ ಬರೆಯುವ ಕೈ, ಸಂಜೆ ನೋಡುವ ಕಣ್ಣು ಬೇರೆ ಬೇರೆಯಾಗಿದ್ದು ಒಳ್ಳೆಯದೇ ಆಯ್ತು. ಒಂದು ಕ್ವಿಂಟಲ್ ವ್ಯತ್ಯಾಸ ಇದ್ದರೂ ಅವರು ಹಿಡಿಯುತ್ತಾರೆ.

ಪಟ್ಟಿ ಪ್ರಿಂಟ್ ಆಗೋದು ವರ್ಡ್‌ನ ಮೇಲ್ ಮರ್ಜ್‌ನಲ್ಲಿ. ಎಕ್ಸೆಲ್‌ನ ಒಂದು ಸಾಲಿಗೆ ಒಂದು ಪಟ್ಟಿ. ಸುಮ್ನೆ ಜೋಡಿಸಿದರೆ ಕೆಲವು ಮೊತ್ತದ ಮುಂದೆ ದಶಮಾಂಶದ ಬಾಲ ಉದ್ದಕ್ಕೆ ಬರುತ್ತದೆ. ಎಕ್ಸೆಲ್‌ನಲ್ಲಿ ಕಾಣುವುದು ಅಲಂಕಾರ, ವರ್ಡ್‌ಗೆ ಹೋಗುವುದು ಒಳಗಿನ ಸಂಖ್ಯೆ. ಟೆಕ್ಸ್ಟ್ ಸೂತ್ರ ಹಾಕಿ ಬೇರೆ ಕಾಲಂ ಮಾಡಿ ಅದನ್ನು ಕೊಟ್ಟರೆ ಬಾಲ ಕತ್ತರಿಸುತ್ತದೆ. ಇನ್ನು ಎಕ್ಸೆಲ್ 1,25,000 ಅಂತ ತೋರಿಸದೆ 125,000 ಅಂತ ತೋರಿಸಿದರೆ ಅದನ್ನು ಬೈಯಬೇಡಿ. ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ನಲ್ಲಿ ಇಂಡಿಯಾ ಆರಿಸಬೇಕು. ತಾರೀಖಿನಲ್ಲಿ ದಿನ, ತಿಂಗಳು ಅದಲುಬದಲಾಗುವುದೂ ಅಲ್ಲೇ ಸರಿಹೋಗುತ್ತದೆ.

ಅಕ್ಟೋಬರ್, ನವೆಂಬರ್

ಬ್ಯಾಂಕಿನ ಕೆಲಸ ಹಂಚಲು ನನಗೆ ಧೈರ್ಯ ಸಾಲುತ್ತಿರಲಿಲ್ಲ. ರೊಕ್ಕದ ವಿಷಯ ಅಲ್ವಾ? ಬ್ಯಾಂಕ್‌ನವರು ವ್ಯಾಪಾರಿ ಖಾತೆಗೆ ಮೇಕರ್, ಚೆಕರ್ ಅಂತ ಎರಡು ಲಾಗಿನ್ ಕೊಡುತ್ತಾರೆ. ಹುಡುಗಿ ಪಾವತಿ ತುಂಬುತ್ತಾಳೆ, ನಾನು ಒಪ್ಪಿಗೆ ಒತ್ತುತ್ತೇನೆ. ನನ್ನ ಪಾಸ್‌ವರ್ಡ್ ನನ್ನ ಹತ್ತಿರವೇ. ಸೇಡಂನಲ್ಲಿ ಮದುವೆ ಊಟದ ಸಾಲಲ್ಲಿ ಕೂತು ಮೊಬೈಲಿನಲ್ಲೇ ಒಪ್ಪಿಗೆ ಕೊಟ್ಟಿದ್ದೂ ಆಯ್ತು.

ಎರಡು ಕಡೆ ಮುಳ್ಳು ಇದೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ನೆನಪಿಡುತ್ತದೆ. 16 ಅಂಕಿಯ ಖಾತೆ ನಂಬರ್ ಹಾಕಿದರೆ ಕೊನೆಯದು ಸೊನ್ನೆ ಆಗುತ್ತದೆ. ಮೊದಲಿಗೆ ಸೊನ್ನೆ ಇದ್ದರೆ ಅದನ್ನೂ ನುಂಗುತ್ತದೆ. ಹಾಗಾಗಿ ಟೈಪ್ ಮಾಡುವ ಮೊದಲೇ ಆ ಕಾಲಂ ಟೆಕ್ಸ್ಟ್ ಆಗಿರಬೇಕು, ಆಮೇಲೆ ಬದಲಿಸಿದರೆ ಹೋದ ಅಂಕಿ ವಾಪಸ್ ಬರುವುದಿಲ್ಲ. ಎರಡನೆಯದು ಐಎಫ್‌ಎಸ್‌ಸಿ, ಬ್ಯಾಂಕ್ ಶಾಖೆಯ ಕೋಡ್. ಒಟ್ಟು 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ರೈತರು ವಾಟ್ಸ್ಆ್ಯಪ್‌ನಲ್ಲಿ ಅದನ್ನು ಇಂಗ್ಲಿಷ್ ಓ ಮಾಡಿ ಕಳಿಸುತ್ತಾರೆ. ಉದ್ದ 11 ಇಲ್ಲದಿದ್ದರೆ, ಐದನೆಯದು ಸೊನ್ನೆ ಅಲ್ಲದಿದ್ದರೆ ಶೀಟು ಒಳಗೇ ಬಿಡದಂತೆ ಮಾಡಿದ್ದೇವೆ. ಈ ಸೂತ್ರವನ್ನು ಹುಡುಗಿಯೇ ಬರೆದಳು. ನನಗೂ ಗೊತ್ತಿರಲಿಲ್ಲ.

ದೀಪಾವಳಿಗೆ ಖಾತೆ ಪೂಜೆಯಲ್ಲಿ ಕಾಕಾ ಹೊಸ ಪುಸ್ತಕದ ಪಕ್ಕದಲ್ಲಿ ಕೀಬೋರ್ಡನ್ನೂ ಇಟ್ಟು ಕುಂಕುಮ ಹಚ್ಚಿದರು. ಎಂಟರ್ ಕೀಲಿ ಇನ್ನೂ ಸ್ವಲ್ಪ ಕೆಂಪಗಿದೆ.

ಜನವರಿ

ತೊಗರಿ ಜೋರಾಗಿ ಬರುತ್ತಿದೆ. ಗಂಜಿನ ರಸ್ತೆಯಲ್ಲಿ ಟ್ರ್ಯಾಕ್ಟರ್ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆನ್‌ಲೈನ್ ಟೆಂಡರ್‌ನ ಲಾಟ್ (ಮಾಲಿನ ರಾಶಿ) ನಂಬರ್‌ಗೂ ಖಾತೆ ನಂಬರ್‌ಗೂ ಜೋಡಿ ಮಾಡಿದ್ದರಿಂದ ದರ ಬಿದ್ದ ತಕ್ಷಣ ಪಟ್ಟಿಗೆ ಕೂರಿಸಬಹುದು. ಬಾಗಿಲು ಹಾಕೋದು ಆರೂವರೆಗಲ್ಲ, ಏಳೂವರೆ ಹತ್ತಿರ. ಟ್ಯಾಲಿಗೆ ಇನ್ನೂ ಕೈಯಲ್ಲೇ ತುಂಬುತ್ತಿದ್ದೇವೆ, ಆ ಒಂದು ಗಂಟೆ ಅಲ್ಲೇ ಹೋಗುತ್ತಿದೆ. ಎಕ್ಸೆಲ್‌ನಿಂದ ನೇರ ಇಂಪೋರ್ಟ್ ಮಾಡುವುದನ್ನು ಹುಡುಗಿ ಕಲಿಯುತ್ತಿದ್ದಾಳೆ.

ಹಮಾಲಿ ಲೆಕ್ಕ ಮುಟ್ಟಿಲ್ಲ. ಅದು ಹಮಾಲರ ಮುಖಂಡನ ಜೇಬಿನ ಪುಸ್ತಕದಲ್ಲಿದೆ, ಗೆರೆ ಎಳೆದು ಅಡ್ಡ ಹೊಡೆಯುವ ಲೆಕ್ಕ. ಸೀಸನ್ ನಡುವೆ ಅವನನ್ನು ತಡವಿದರೆ ಚೀಲ ಇಳಿಸುವವರು ಇರುವುದಿಲ್ಲ. ಮಾರ್ಚ್‌ನಲ್ಲಿ ಚಹಾಕ್ಕೆ ಕೂರಿಸಿ ಮಾತಾಡುವ ಜವಾಬ್ದಾರಿ ಕಾಕಾನದ್ದು.