ಉರಿಯೂತ ಆರಿದರೂ ಉರಿ ಯಾಕೆ ಆರುವುದಿಲ್ಲ?

"ಬೆನ್ನುಹುರಿಗೆ ಉರಿಯೂತ ಆಗಿತ್ತು, ಸ್ಟೀರಾಯ್ಡ್ ಕೊಟ್ಟರು. ಈಗ ಎಂಆರ್‌ಐನಲ್ಲಿ ಉರಿಯೂತ ಕಾಣಿಸ್ತಿಲ್ಲ ಅಂತಾರೆ. ಮತ್ತೆ ಕಾಲು ಯಾಕೆ ಉರಿಯುತ್ತೆ? ಎರಡು ವಾರ ನರದ ಮಾತ್ರೆ ತಗೊಂಡೆ, ಏನೂ ಆಗಲಿಲ್ಲ. ಬಿಟ್ಟುಬಿಡಲಾ?"

ಚೇತರಿಸಿಕೊಂಡವರು ನಮ್ಮನ್ನು ಹೆಚ್ಚಾಗಿ ಕೇಳುವುದು ಇದನ್ನೇ. ನೋವು ನಿಜವಾದದ್ದು, ನಿಮ್ಮ ಭ್ರಮೆಯಲ್ಲ. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಅದು ಸೋತಿತು ಎನ್ನುವಷ್ಟು ಪ್ರಮಾಣ, ಅಷ್ಟು ಸಮಯ ಬಹುಶಃ ಅದಕ್ಕೆ ಇನ್ನೂ ಸಿಕ್ಕಿಲ್ಲ.

ಬೆನ್ನುಹುರಿಯ ಹಿಂಭಾಗದಲ್ಲಿ ದೇಹದಿಂದ ಬರುವ ಸಂದೇಶಗಳನ್ನು ಸೋಸುವ ಪುಟ್ಟ ನರಕೋಶಗಳಿವೆ. ಬಟ್ಟೆ ತಾಗಿದ್ದನ್ನು, ಗಾಳಿ ಸೋಕಿದ್ದನ್ನು ನೋವಿನ ದಾರಿಗೆ ಹೋಗದಂತೆ ತಡೆಯುವುದು ಅವುಗಳ ಕೆಲಸ. ಉರಿಯೂತ ಈ ಕಾವಲನ್ನು ಸಡಿಲಿಸುತ್ತದೆ, ನರದ ಎಳೆಗಳ ಮೇಲಿನ ಮೈಲಿನ್ ಹೊದಿಕೆಯನ್ನೂ ಕಿತ್ತುಹಾಕುತ್ತದೆ. ಹೊದಿಕೆ ಕಳೆದುಕೊಂಡ ಎಳೆ ಯಾರೂ ಮುಟ್ಟದಿದ್ದರೂ ತಾನಾಗಿಯೇ ಸಂಕೇತ ಕಳಿಸುತ್ತದೆ. ಅದಕ್ಕೇ ಕಂಬಳಿಯ ಅಂಚು ಮೊಣಕಾಲಿಗೆ ತಾಗಿದರೂ ಕೆಂಡ ಸವರಿದಂತಾಗುವುದು, ಎದೆಯ ಸುತ್ತ ಪಟ್ಟಿ ಬಿಗಿದಂತಾಗುವುದು, ಕತ್ತು ಬಗ್ಗಿಸಿದಾಗ ಬೆನ್ನಿನುದ್ದಕ್ಕೂ ಶಾಕ್ ಹೊಡೆದಂತಾಗುವುದು. ಎಂಆರ್‌ಐ ತೋರಿಸುವುದು ಬೆನ್ನುಹುರಿಯ ರಚನೆಯನ್ನು. ಅದರೊಳಗೆ ಓಡಾಡುವ ಸುಳ್ಳು ಸಂಕೇತಗಳು ಅದಕ್ಕೆ ಕಾಣುವುದಿಲ್ಲ.

ಈ ನೋವಿಗೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಹೆಚ್ಚೇನೂ ಮಾಡುವುದಿಲ್ಲ. ಐಬುಪ್ರೊಫೆನ್ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಇಲ್ಲಿ ಬೇಕಾದದ್ದು ನರಗಳ ಗದ್ದಲ ತಗ್ಗಿಸುವ ಔಷಧ, ಮತ್ತು ಅದನ್ನು ಮೆಟ್ಟಿಲು ಹತ್ತಿದಂತೆ ಏರಿಸುವ ತಾಳ್ಮೆ.

ಗ್ಯಾಬಪೆಂಟಿನ್ ಸಾಮಾನ್ಯವಾಗಿ ರಾತ್ರಿ 300 ಮಿಲಿಗ್ರಾಂನಿಂದ ಶುರುವಾಗುತ್ತದೆ. ಕೆಲವು ದಿನಗಳಿಗೊಮ್ಮೆ 300ರಂತೆ ಏರಿಸಿ ದಿನಕ್ಕೆ 1800ರವರೆಗೆ, ಬೇಕಾದರೆ 3600ರವರೆಗೂ ವೈದ್ಯರು ಒಯ್ಯುತ್ತಾರೆ. ಪ್ರಮಾಣವನ್ನು ದಿನಕ್ಕೆ ಮೂರು ಹೊತ್ತಿಗೆ ಹಂಚುವುದಕ್ಕೂ ಕಾರಣವಿದೆ: ಒಮ್ಮೆಗೇ ಹೆಚ್ಚು ನುಂಗಿದರೆ ಕರುಳು ಅಷ್ಟನ್ನೂ ಹೀರಿಕೊಳ್ಳಲಾರದು. ಆಸಿಡಿಟಿಗೆ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಔಷಧ ತೆಗೆದುಕೊಳ್ಳುವವರು ಎರಡು ಗಂಟೆ ಬಿಟ್ಟು ಇದನ್ನು ನುಂಗಬೇಕು. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ಕಡಿಮೆಯಾಗಲೇಬೇಕು. ತಡೆದುಕೊಳ್ಳಬಹುದಾದ ಗರಿಷ್ಠ ಪ್ರಮಾಣದಲ್ಲಿ ಕನಿಷ್ಠ ಎರಡು ವಾರ ಕಳೆದ ಮೇಲಷ್ಟೇ ಫಲ ಇದೆಯೋ ಇಲ್ಲವೋ ಹೇಳಬಹುದು. ಅಂದರೆ ಏರಿಸುವ ಕಾಲವೂ ಸೇರಿ ಒಂದೆರಡು ತಿಂಗಳು. 300ಕ್ಕೇ ನಿಂತು "ಆಗಲಿಲ್ಲ" ಎಂದವರನ್ನು ಕಂಡಾಗ ನಮಗೆ ನಿಜಕ್ಕೂ ಸಂಕಟವಾಗುತ್ತದೆ.

ಅಮಿಟ್ರಿಪ್ಟಿಲಿನ್ ರಾತ್ರಿ 10 ಮಿಲಿಗ್ರಾಂನಿಂದ ಶುರು, ನಿದ್ದೆಗೂ ಒಳ್ಳೆಯದು. ಆದರೆ ಅದು ಮೂತ್ರ ಕಟ್ಟಿಸಬಹುದು, ಮಲಬದ್ಧತೆ ಹೆಚ್ಚಿಸಬಹುದು. ಬೆನ್ನುಹುರಿಯ ತೊಂದರೆಯಿಂದ ಮೂತ್ರಕೋಶ ಮೊದಲೇ ಪೂರ್ತಿ ಖಾಲಿಯಾಗದವರು ಇದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಹೃದಯದ ಬಡಿತದ ತೊಂದರೆ, ಗ್ಲಾಕೋಮಾ (ಕಣ್ಣಿನ ಒಳಒತ್ತಡದ ಕಾಯಿಲೆ) ಇದ್ದರೂ ಹಾಗೆಯೇ. ಡ್ಯುಲಾಕ್ಸೆಟಿನ್ 30ರಿಂದ ಶುರುವಾಗಿ 60ಕ್ಕೆ ಏರುತ್ತದೆ. ಕೈಕಾಲು ಕೆಲವೇ ಸೆಕೆಂಡು ಸೆಟೆದುಕೊಂಡು ಯಾತನೆ ಕೊಟ್ಟು ಬಿಡುವ ಸೆಳೆತವಿದ್ದರೆ ಅದನ್ನು ಬೇರೆಯಾಗಿಯೇ ಹೇಳಿ. ಅದಕ್ಕೆ ಕಾರ್ಬಮಾಜೆಪಿನ್ ಕಡಿಮೆ ಪ್ರಮಾಣದಲ್ಲೇ ಚೆನ್ನಾಗಿ ಕೆಲಸ ಮಾಡುವುದುಂಟು.

ಯಾವುದನ್ನೂ ಥಟ್ಟನೆ ನಿಲ್ಲಿಸಬೇಡಿ. ನಿದ್ದೆಗೇಡು, ಬೆವರು, ಚಡಪಡಿಕೆ ಬರುತ್ತವೆ. ಗ್ಯಾಬಪೆಂಟಿನ್, ಅದೇ ಜಾತಿಯ ಪ್ರಿಗ್ಯಾಬಲಿನ್ ಆದರೆ ಅಪರೂಪಕ್ಕೆ ಫಿಟ್ಸ್ ಕೂಡ. ಇವುಗಳ ಜೊತೆ ಮದ್ಯವೋ ಅಫೀಮು ಜಾತಿಯ ನೋವಿನ ಮಾತ್ರೆಯೋ ಸೇರಿದರೆ ಉಸಿರಾಟ ಕುಗ್ಗಬಹುದು.

ನೋವು ಪೂರ್ತಿ ಮಾಯವಾಗುವುದು ಅಪರೂಪ. ಹತ್ತರಲ್ಲಿ ಎಂಟಿದ್ದದ್ದು ಐದಕ್ಕೆ ಇಳಿದರೆ ಮಾತ್ರೆ ಕೆಲಸ ಮಾಡಿದೆ ಎಂದೇ ಅರ್ಥ.

ಚೆನ್ನಾಗಿದ್ದ ನೋವು ಇದ್ದಕ್ಕಿದ್ದಂತೆ ಕೆರಳಿದರೆ ಪ್ರಮಾಣ ಏರಿಸುವ ಮುನ್ನ ಬೇರೆಡೆ ನೋಡಿ: ಮೂತ್ರದ ಸೋಂಕು, ಮೂರು ದಿನದ ಮಲಬದ್ಧತೆ, ಒಳಗೆ ಬೆಳೆದ ಕಾಲ್ಬೆರಳ ಉಗುರು, ಕೂತಲ್ಲಿ ಆಗುತ್ತಿರುವ ಹುಣ್ಣು. ಸ್ಪರ್ಶ ತಿಳಿಯದ ಜಾಗದ ಕಿರುಕುಳ ಎಷ್ಟೋ ಸಲ ನರನೋವಿನ ರೂಪದಲ್ಲೇ ಹೊರಬೀಳುತ್ತದೆ. ಬಿಸಿನೀರಿನ ಚೀಲವನ್ನು ಮರಗಟ್ಟಿದ ಚರ್ಮದ ಮೇಲೆ ಇಡಲೇಬೇಡಿ, ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು.

ಬಟ್ಟೆ ತಾಗಿದರೂ ಉರಿಯುವವರಿಗೆ ಒಂದು ಅಭ್ಯಾಸ. ಉರಿಯುವ ಜಾಗದ ಅಂಚಿನಿಂದಾಚೆ, ಸ್ಪರ್ಶ ಸರಿಯಿರುವಲ್ಲಿ, ರೇಷ್ಮೆ ಬಟ್ಟೆಯಿಂದ ಸವರುತ್ತಾ ನಿಧಾನವಾಗಿ ಒಳಗೆ ಬನ್ನಿ. ಕಣ್ಣು ಅಲ್ಲೇ ಇರಲಿ, ಏನು ತಾಗುತ್ತಿದೆ ಎಂದು ಮಿದುಳಿಗೂ ತಿಳಿಯಲಿ. ಒಂದೆರಡು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ ಸಾಕು. ಅದು ಸಹನೆಯಾದ ಮೇಲೆ ಹತ್ತಿಬಟ್ಟೆ, ಆಮೇಲೆ ಒರಟು ಟವೆಲ್. ಚರ್ಮ ಒಡೆದಿದ್ದರೆ ಮಾಡಬೇಡಿ. ನಡಿಗೆಯೂ ಹೀಗೆಯೇ: ಹತ್ತು ನಿಮಿಷಕ್ಕೆ ನೋವು ಏರುತ್ತದಾದರೆ ಏಳಕ್ಕೇ ನಿಲ್ಲಿಸಿ, ಚೆನ್ನಾಗಿರುವ ದಿನವೂ ಏಳೇ. ವಾರಕ್ಕೊಮ್ಮೆ ಒಂದು ನಿಮಿಷ ಸೇರಿಸಿ. ಚೆನ್ನಾಗಿದೆ ಎಂದು ಒಂದೇ ದಿನ ಎಲ್ಲ ಕೆಲಸ ಮುಗಿಸಹೊರಟವರು ಮುಂದಿನ ಮೂರು ದಿನ ಹಾಸಿಗೆ ಹಿಡಿಯುತ್ತಾರೆ.

ಜ್ವರ ಬಂದಾಗ, ಸೆಕೆ ಹೆಚ್ಚಾದಾಗ ಹಳೆಯ ಲಕ್ಷಣ ಹಳೆಯ ಜಾಗದಲ್ಲೇ ಹೆಚ್ಚಾಗಿ, ಮೈ ತಣಿದ ಮೇಲೆ ಇಳಿದರೆ ಅದು ಹೊಸ ಉರಿಯೂತವಲ್ಲ. ಹೊಸ ಬಲಹೀನತೆ, ಮರಗಟ್ಟುವಿಕೆ ಮೇಲಕ್ಕೆ ಏರುತ್ತಿರುವುದು, ಮೂತ್ರ ಕಟ್ಟುವುದು, ಗುದದ್ವಾರದ ಸುತ್ತ ಸ್ಪರ್ಶ ಹೋಗುವುದು, ಜ್ವರದ ಜೊತೆ ತೀವ್ರ ಬೆನ್ನುನೋವು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.