ಅಪ್ಪಯ್ಯನ ರಿಪೋರ್ಟಿನಲ್ಲಿ ಇಲ್ಲದ ಒಂದು ಸಾಲು

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೂ ಅಡಿಕೆ ತೋಟಕ್ಕೂ ನಡುವೆ 42 ಮೆಟ್ಟಿಲು. ಜಂಬಿಟ್ಟಿಗೆ ಕಲ್ಲಿನವು. ಮನೆ ಮೇಲೆ, ತೋಟ ಕೆಳಗೆ. ಕೊನೆಕೊಯ್ಲಿನ ದಿನ ಅಪ್ಪಯ್ಯ ಹೆಗಲ ಮೇಲೆ ಕೊನೆ ಹೊತ್ತು ಅಷ್ಟನ್ನೂ ನಿಲ್ಲದೆ ಹತ್ತುತ್ತಿದ್ದರು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅರ್ಧ ದಾರಿಯಲ್ಲಿ ಕೂತಿದ್ದರು. ಕೈಯಲ್ಲಿ ಬರೀ ಕತ್ತಿ. ಮುಖ ಬೆವೆತಿತ್ತು. "ಏನಿಲ್ಲ ಮಗಾ, ಸ್ವಲ್ಪ ದಮ್ಮು ಕಟ್ತದೆ. ವಯಸ್ಸಾತಲ್ಲ" ಅಂದರು.

ನಾನು ಶಿವಮೊಗ್ಗದಲ್ಲಿ ಲ್ಯಾಬ್ ಟೆಕ್ನಿಷಿಯನ್. 14 ವರ್ಷದಿಂದ ಇದೇ ಕೆಲಸ. ಅಪ್ಪಯ್ಯನ ರಕ್ತವನ್ನು ವರ್ಷಕ್ಕೊಮ್ಮೆ ನಾನೇ ತೆಗೆದು, ನಾನೇ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ ಮಾಡುತ್ತಿದ್ದೆ. ಟ್ಯೂಬನ್ನು ತಿರುಗಣೆಯಲ್ಲಿ ಹಾಕಿ ಹತ್ತು ನಿಮಿಷ ಬಿಟ್ಟರೆ ಕೆಂಪು ಕೆಳಗೆ ಕೂರುತ್ತದೆ, ಮೇಲೆ ಸೀರಂ ನಿಲ್ಲುತ್ತದೆ. ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ತುಂಬಾ ಜಾಸ್ತಿ ಇದ್ದವರ ಸೀರಂ ಹಾಲು ಬೆರೆಸಿದ ಹಾಗೆ ಮಬ್ಬಾಗಿರುತ್ತದೆ, ನೋಡಿದ ತಕ್ಷಣ ಗೊತ್ತಾಗುತ್ತದೆ. ಅಪ್ಪಯ್ಯನದು ಯಾವಾಗಲೂ ತಿಳಿಜೇನಿನ ಬಣ್ಣ. ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 98. "ಎಲ್ಲ ನಾರ್ಮಲ್ ಇದೆ ಅಪ್ಪಯ್ಯ" ಅಂತ ಪ್ರತಿ ವರ್ಷ ಹೇಳಿದವಳು ನಾನೇ. ಆ ಮಾತು ಈಗಲೂ ಚುಚ್ಚುತ್ತದೆ.

ಹಬ್ಬ ಮುಗಿಸಿ ಅವರನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಬಂದೆ. ಡಾಕ್ಟರ್ ಸ್ಟೆತೋಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಎಕೋ, ಅಂದರೆ ಹೃದಯದ ಸ್ಕ್ಯಾನ್. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲಲ್ಲಿ ಒಂದು ವಾಲ್ವ್ ಇದೆ, ಮೂರು ತೆಳ್ಳನೆಯ ಎಸಳು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತದೆ. ಅಪ್ಪಯ್ಯನದರಲ್ಲಿ ಎಸಳುಗಳು ದಪ್ಪಗೆ, ಬೆಳ್ಳಗೆ ಹೊಳೆಯುತ್ತಿದ್ದವು. ಅಲ್ಲಾಡುತ್ತಲೇ ಇರಲಿಲ್ಲ ಅನ್ನಬೇಕು. 3ರಿಂದ 4 ಚದರ ಸೆಂಟಿಮೀಟರ್ ತೆರೆಯಬೇಕಾದದ್ದು 0.8ಕ್ಕೆ ಬಂದಿತ್ತು. ಒಂದಕ್ಕಿಂತ ಕಡಿಮೆಯಾದರೆ ತೀವ್ರ ಅಂತ ಲೆಕ್ಕ.

"ಕ್ಯಾಲ್ಸಿಯಂ ಕಟ್ಟಿದೆ" ಅಂದರು ಡಾಕ್ಟರ್. ಅಪ್ಪಯ್ಯ ಮೆಲ್ಲಗೆ ಕವಳದ ಸಂಚಿ ತೆಗೆದು ಸುಣ್ಣದ ಡಬ್ಬಿ ತೋರಿಸಿ, "ಇದರಿಂದಲೋ?" ಅಂತ ಕೇಳಿದರು. ಮುಚ್ಚಳದ ಅಂಚಿನಲ್ಲಿ ಸುಣ್ಣ ಒಣಗಿ ಗಟ್ಟಿಯಾಗಿತ್ತು, ಉಗುರಿನಲ್ಲಿ ಕೆರೆದರೂ ಬರದ ಹಾಗೆ. ವಾಲ್ವಿನಲ್ಲೂ ಹೆಚ್ಚುಕಮ್ಮಿ ಹಾಗೇ ಆಗಿರುತ್ತದೆ, ಆದರೆ ತಿಂದ ಸುಣ್ಣ ಹೋಗಿ ಅಲ್ಲಿ ಕೂತಿದ್ದಲ್ಲ ಅಂತ ಡಾಕ್ಟರ್ ಬಿಡಿಸಿ ಹೇಳಿದರು. (ಕವಳ ಬಾಯಿಗೆ ಒಳ್ಳೆಯದಲ್ಲ ಅನ್ನುವುದು ಬೇರೆ ಮಾತು. ಅದನ್ನೂ ಹೇಳಿದರು.)

ಆಮೇಲೆ ನನ್ನ ಕಡೆ ತಿರುಗಿ, "ಎಲ್‌ಪಿ ಲಿಟಲ್ ಎ ಮಾಡಿಸಿದ್ದೀರಾ?" ಅಂದರು. ಮಾಡಿರಲಿಲ್ಲ.

ಎಣ್ಣೆ ನೀರಿನಲ್ಲಿ ಬೆರೆಯಲ್ಲ, ಅಲ್ವಾ? ಹಾಗೇ ಕೊಬ್ಬು ರಕ್ತದಲ್ಲಿ ಬೆರೆಯುವುದಿಲ್ಲ. ಪ್ರೋಟೀನಿನ ಹೊದಿಕೆಯೊಳಗೆ ಸಾಗುತ್ತದೆ. ಆ ಉಂಡೆಗಳೇ ಲೈಪೋಪ್ರೋಟೀನ್. ಎಲ್‌ಡಿಎಲ್ ಅದರಲ್ಲೊಂದು. ಡಾಕ್ಟರ್ ಕೇಳಿದ ಎಲ್‌ಪಿ ಲಿಟಲ್ ಎ, ಚಿಕ್ಕದಾಗಿ ಎಲ್‌ಪಿಎ, ಇನ್ನೊಂದು. ನೋಡಲು ಎಲ್‌ಡಿಎಲ್ ತರಹವೇ, ಆದರೆ ಮೈಗೆ ಇನ್ನೊಂದು ಉದ್ದನೆಯ ಪ್ರೋಟೀನ್ ಅಂಟಿಕೊಂಡಿರುತ್ತದೆ. ನಾರ್ವೆಯ ಕೋರೆ ಬರ್ಗ್ 1963ರಲ್ಲಿ ಇದನ್ನು ಕಂಡುಹಿಡಿದರು. ಇದು ಕೆಟ್ಟುಹೋದ, ಅಂದರೆ ಆಕ್ಸಿಡೈಸ್ ಆದ ಕೊಬ್ಬನ್ನು ಹೊತ್ತು ತಿರುಗುತ್ತದೆ. ವಾಲ್ವಿನ ಎಸಳಿನೊಳಗೆ ಸೇರಿದರೆ ಅಲ್ಲಿ ಉರಿಯೂತ ಎಬ್ಬಿಸುತ್ತದೆ. ಆಮೇಲೆ ಎಸಳಿನ ಜೀವಕೋಶಗಳೇ ಮೂಳೆ ಕಟ್ಟುವ ಕೋಶಗಳ ಹಾಗೆ ವರ್ತಿಸತೊಡಗುತ್ತವೆ. 2013ರಲ್ಲಿ ಇದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿತು. ಎಲ್‌ಪಿಎ ಹೆಚ್ಚಿಸುವ ಒಂದು ಜೀನ್ ಬದಲಾವಣೆ ಇದ್ದವರಲ್ಲಿ ವಾಲ್ವಿಗೆ ಕ್ಯಾಲ್ಸಿಯಂ ಕಟ್ಟುವ ಸಂಭವ ಸುಮಾರು ಎರಡು ಪಟ್ಟು ಇತ್ತು.

ನನ್ನನ್ನು ತುಂಬಾ ಕಾಡಿದ್ದು ಇದು: ಮಾಮೂಲಿ ಲಿಪಿಡ್ ಪ್ರೊಫೈಲಿನಲ್ಲಿ ಈ ಹೆಸರಿನ ಸಾಲೇ ಇಲ್ಲ. ಇದರ ಕೊಲೆಸ್ಟ್ರಾಲ್ ಎಲ್‌ಡಿಎಲ್ ಲೆಕ್ಕದೊಳಗೇ ಸೇರಿಹೋಗುತ್ತದೆ. ಸೀರಂ ಬಣ್ಣವೂ ಬದಲಾಗುವುದಿಲ್ಲ. ಬೇರೆಯಾಗಿ ಕೇಳಿ ಮಾಡಿಸಿದರೆ ಮಾತ್ರ ಗೊತ್ತಾಗುತ್ತದೆ. ನಮ್ಮ ಲ್ಯಾಬಿನಲ್ಲಿ ಮಾಡುವುದಿಲ್ಲ, ಐಸ್ ಪ್ಯಾಕ್ ಇಟ್ಟು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಕಳಿಸುತ್ತೇವೆ. ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದರೆ ಜಾಸ್ತಿ. ಅಪ್ಪಯ್ಯನದು 118 ಬಂತು.

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಟ್ಟರೆ ವಾಲ್ವ್ ಸರಿಹೋಗುತ್ತಾ ಅಂತ ಕೇಳಿದೆ. ಇಲ್ಲ. 2008ರಲ್ಲಿ ಪ್ರಕಟವಾದ ಸೀಸ್ ಅನ್ನುವ ಅಧ್ಯಯನದಲ್ಲಿ 1,873 ಜನರ ಮೇಲೆ ಪರೀಕ್ಷಿಸಿದ್ದರು. ಎಲ್‌ಡಿಎಲ್ ಚೆನ್ನಾಗಿ ಇಳಿಯಿತು, ವಾಲ್ವ್ ಬಿಗಿಯಾಗುವುದು ನಿಲ್ಲಲಿಲ್ಲ. ರಕ್ತನಾಳಕ್ಕೆ ಸ್ಟ್ಯಾಟಿನ್ ಬೇಕು, ಡಾಕ್ಟರ್ ಬರೆದಿದ್ದರೆ ದಯವಿಟ್ಟು ನಿಲ್ಲಿಸಬೇಡಿ. ಆದರೆ ಎಲ್‌ಪಿಎ ಅದಕ್ಕೆ ಬಗ್ಗುವುದಿಲ್ಲ. ಊಟ, ನಡಿಗೆಗೂ ಅಷ್ಟಾಗಿ ಬಗ್ಗುವುದಿಲ್ಲ. ಬಹುಪಾಲು ಹುಟ್ಟಿನಿಂದಲೇ ಬಂದದ್ದು.

ಜನವರಿಯಲ್ಲಿ ಅಪ್ಪಯ್ಯನಿಗೆ ಆಪರೇಷನ್ ಮಾಡಿ ಹೊಸ ವಾಲ್ವ್ ಹಾಕಿದರು. ಚೇತರಿಸಿಕೊಂಡಿದ್ದಾರೆ.

ಹುಟ್ಟಿನಿಂದ ಬರುವುದಾದರೆ ನಮಗೆ? ಊರಿಗೆ ಹೋದವಳು ಜಗಲಿಯಲ್ಲೇ ತಮ್ಮನದೂ ಚಿಕ್ಕಪ್ಪನ ಇಬ್ಬರು ಮಕ್ಕಳದೂ ರಕ್ತ ತೆಗೆದೆ. ನನ್ನದನ್ನು ತಮ್ಮನ ಹೆಂಡತಿ ಟಾರ್ಚ್ ಹಿಡಿದುಕೊಂಡಾಗ ನಾನೇ ತೆಗೆದುಕೊಂಡೆ. ತಮ್ಮನದು 9. ಚಿಕ್ಕಪ್ಪನ ಮಗನದು 61, ಮಗಳದು 20. ನನ್ನದು 94. ಫೋನಿನಲ್ಲಿ ಹೇಳಿದಾಗ ತಮ್ಮ ಸುಮಾರು ಹೊತ್ತು ಮಾತಾಡಲಿಲ್ಲ.

ಮಾರನೇ ವಾರ ಎಕೋ ಮಾಡಿಸಿದೆ. ಡಾಕ್ಟರ್ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. ಮೂರು ಎಸಳೂ ತೆಳ್ಳಗೆ, ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತಿದ್ದವು. ನೋಡುತ್ತಾ ಹಾಗೇ ಮಲಗಿದ್ದೆ. ಈಗ ಬಿಪಿ, ಎಲ್‌ಡಿಎಲ್ ಎರಡನ್ನೂ ಹಿಡಿತದಲ್ಲಿಟ್ಟುಕೊಳ್ಳಲು ಹೇಳಿದ್ದಾರೆ.

ನೀವೂ ಒಂದು ಸಲ ಈ ಟೆಸ್ಟ್ ಮಾಡಿಸಿ. ಸಾಮಾನ್ಯವಾಗಿ ಜೀವನದಲ್ಲಿ ಒಂದೇ ಸಲ ಸಾಕು. ಮನೆಯಲ್ಲಿ ಯಾರಿಗಾದರೂ ವಾಲ್ವ್ ಬಿಗಿಯಾಗಿದ್ದರೆ, ಸಣ್ಣ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿದ್ದರೆ ತಪ್ಪದೇ ಮಾಡಿಸಿ.

ನನ್ನ ಮಗಳಿಗೆ ಹನ್ನೆರಡು. ಅವಳ ಸ್ಯಾಂಪಲ್ ನಿನ್ನೆ ರಾತ್ರಿಯ ಬಸ್ಸಿಗೆ ಹೋಗಿದೆ.